ಹಳೇ ಐಎನ್‌ಎಸ್ ಮೈಸೂರು: ಇಂಗ್ಲೆಂಡಿನಿಂದ ಸೆಕೆಂಡ್ ಹ್ಯಾಂಡ್ ಕ್ರೂಸರ್ ಕೊಂಡಿದ್ದು ದಂಡವಾ?

ಮಂಡ್ಯ_ಮಾತು

ಎಲ್ಲರಿಗೂ ನಮಸ್ಕಾರ. ಈಗಿರುವ ಐಎನ್‌ಎಸ್ ಮೈಸೂರು ಡಿಸ್ಟ್ರಾಯರ್ ಬಗ್ಗೆ ಓದುತ್ತಿದ್ದೆ. 1999ರಲ್ಲಿ ನೌಕಾಪಡೆ ಸೇರಿದ ಹಡಗು, ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ್ದು. ಹಾಗೇ ಹಿಂದಕ್ಕೆ ಹೋದರೆ ಅದೇ ಹೆಸರಿನ ಇನ್ನೊಂದು ಹಡಗು ಇತ್ತು ಅಂತ ಗೊತ್ತಾಯಿತು. ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಎಂಬ ಕ್ರೂಸರ್. 1957ರಲ್ಲಿ ನಮ್ಮ ಕೈಗೆ ಬಂದು ಐಎನ್‌ಎಸ್ ಮೈಸೂರು ಆಯಿತು. 1985ರವರೆಗೂ ಸೇವೆಯಲ್ಲಿತ್ತು.

ನನ್ನ ಪ್ರಶ್ನೆ ಇಷ್ಟೇ. ಅದು 1939ರಲ್ಲಿ ನೀರಿಗಿಳಿದ ಹಡಗು. ನಮಗೆ ಬರುವಾಗಲೇ 18 ವರ್ಷ ಹಳೇದು. ತೋಪಿನ ಹಡಗುಗಳ ಕಾಲ ಎರಡನೇ ಮಹಾಯುದ್ಧದಲ್ಲೇ ಮುಗಿದಿತ್ತು ಅಲ್ವಾ? ಆಗಷ್ಟೇ ಸ್ವಾತಂತ್ರ್ಯ ಬಂದ ಬಡ ದೇಶ, ಆರು ಇಂಚಿನ ಒಂಬತ್ತು ತೋಪು ಹೊತ್ತ ಹಡಗಿಗೆ ದುಡ್ಡು ಹಾಕಿದ್ದು ಸರಿಯಾ? 1971ರ ಪಾಕಿಸ್ತಾನ ಯುದ್ಧದಲ್ಲಿ ಕರಾಚಿಗೆ ಬೆಂಕಿ ಇಟ್ಟಿದ್ದು ಚಿಕ್ಕ ಚಿಕ್ಕ ಮಿಸೈಲ್ ದೋಣಿಗಳು, ಈ ದೊಡ್ಡ ಹಡಗಲ್ಲ. ಗೊತ್ತಿರುವವರು ಹೇಳಿ.

ಲೋಹದ_ಹಕ್ಕಿ

ದಂಡವೇ. ಅನುಮಾನ ಬೇಡ.

1941ರ ಡಿಸೆಂಬರ್ 10ರಂದು ಮಲಯಾ ಕರಾವಳಿಯಲ್ಲಿ ಬ್ರಿಟಿಷರ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಹಡಗುಗಳೆರಡನ್ನೂ ಜಪಾನಿ ವಿಮಾನಗಳು ಸುಮಾರು ಎರಡು ಗಂಟೆಯಲ್ಲಿ ಮುಳುಗಿಸಿದವು. ಪ್ರಿನ್ಸ್ ಆಫ್ ವೇಲ್ಸ್ ಹೊಚ್ಚ ಹೊಸ ಬ್ಯಾಟಲ್‌ಶಿಪ್. ಅದೇ ವರ್ಷ ಮೇ ತಿಂಗಳಲ್ಲಿ ಜರ್ಮನಿಯ ಬಿಸ್ಮಾರ್ಕ್ ಜೊತೆ ಕಾದಾಡಿ ಬಂದಿತ್ತು. ಆ ಬಿಸ್ಮಾರ್ಕ್ ಸಿಕ್ಕಿಬೀಳುವ ಹಾಗೆ ಮಾಡಿದ್ದೂ ತೋಪಲ್ಲ. ಬಟ್ಟೆ ಹೊದಿಸಿದ ರೆಕ್ಕೆಯ ಸ್ವೋರ್ಡ್‌ಫಿಶ್ ವಿಮಾನದ ಒಂದು ಟಾರ್ಪಿಡೊ ಚುಕ್ಕಾಣಿಗೆ ಬಡಿಯಿತು. ಆಮೇಲೆ ಹಡಗು ಸುತ್ತು ಹೊಡೆಯುವುದು ಬಿಟ್ಟು ಬೇರೇನೂ ಮಾಡಲಾಗಲಿಲ್ಲ. ಇನ್ನು ಜಪಾನಿನ ಯಮಾಟೊ. 46 ಸೆಂಟಿಮೀಟರ್ ಬಾಯಿಯ ತೋಪು, ಜಗತ್ತಿನಲ್ಲೇ ದೊಡ್ಡದು. 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನಗಳು ಮುಗಿಸಿದವು. ಶತ್ರುವಿನ ಹಡಗು ಕಣ್ಣಿಗೂ ಬೀಳಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ 1957ರಲ್ಲಿ ತೋಪಿನ ಹಡಗು ತಂದರು ಅಂದರೆ ಏನು ಹೇಳೋಣ.

ದಾವಣಗೆರೆ_ಬೆಣ್ಣೆ

ಬ್ರಿಟಿಷರು ಬೇಡ ಅಂತ ಬಿಟ್ಟದ್ದನ್ನ ನಮಗೆ ದಾಟಿಸಿದರು ಅಷ್ಟೇ.

ಓದುಗ_ಶಿರಸಿ

ಲೋಹದ ಹಕ್ಕಿಯವರೇ, ನೀವು ಕೊಟ್ಟ ಉದಾಹರಣೆಗಳೆಲ್ಲ ಬ್ಯಾಟಲ್‌ಶಿಪ್‌ಗಳು. ಕ್ರೂಸರ್ ಬೇರೆ ಜಾತಿ. ಬ್ಯಾಟಲ್‌ಶಿಪ್ ಇನ್ನೊಂದು ಬ್ಯಾಟಲ್‌ಶಿಪ್ ಜೊತೆ ಗುದ್ದಾಡೋಕೆ ಕಟ್ಟಿದ್ದು. ಕ್ರೂಸರ್ ದೂರದ ಕಡಲಲ್ಲಿ ಓಡಾಡೋಕೆ, ಕಾವಲಿಗೆ, ಬೇಹಿಗೆ, ಸರಕು ಹಡಗುಗಳ ಸಾಲು ಕಾಯೋಕೆ. ಹೊಸ ದೇಶಕ್ಕೆ ಬೇಕಿದ್ದದ್ದು ಇದೇ ಕೆಲಸ.

ಇನ್ನೊಂದು ವಿಷಯ. 1957ರಲ್ಲೇ ಭಾರತ ಅರ್ಧಕ್ಕೆ ನಿಂತಿದ್ದ ಹರ್ಕ್ಯುಲಿಸ್ ಎಂಬ ವಿಮಾನವಾಹಕ ನೌಕೆಯನ್ನೂ ಕೊಂಡಿತು. 1961ರ ಮಾರ್ಚ್‌ನಲ್ಲಿ ಅದೇ ಐಎನ್‌ಎಸ್ ವಿಕ್ರಾಂತ್ ಆಯಿತು. ಅಂದರೆ ವಿಮಾನದ ಕಾಲ ಬಂದಿದೆ ಅಂತ ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ವಿಮಾನವಾಹಕ ಒಂಟಿಯಾಗಿ ಹೋಗೋದಿಲ್ಲ. ಸುತ್ತ ಹಡಗು ಬೇಕು. ಆ ಹಡಗು ನಡೆಸುವ ಜನ ಬೇಕು. ಮೈಸೂರಿನಲ್ಲಿ ಏಳೆಂಟು ನೂರು ಜನ ಇರುತ್ತಿದ್ದರು. ತೋಪು, ರೇಡಾರ್, ಟರ್ಬೈನ್, ಸಿಗ್ನಲ್, ಅಡುಗೆಮನೆ, ಆಸ್ಪತ್ರೆ ಎಲ್ಲ ಒಂದೇ ಕಡೆ. ಕೊನೆಯ ವರ್ಷಗಳಲ್ಲಿ ಅದನ್ನು ತರಬೇತಿ ಹಡಗಾಗಿಯೇ ಬಳಸಿದರು. ಒಂದಿಡೀ ತಲೆಮಾರಿನ ನಾವಿಕರು ಕೆಲಸ ಕಲಿತದ್ದು ಡೆಲ್ಲಿ ಮತ್ತು ಮೈಸೂರು ಎಂಬ ಈ ಎರಡು ಕ್ರೂಸರ್‌ಗಳಲ್ಲಿ.

ಆಮೇಲೆ ಅದು ಸುಮ್ನೆ ಬಂದರಲ್ಲಿ ಕೂತ ಹಡಗೂ ಅಲ್ಲ. ನೈಜೀರಿಯಾ ಆಗಿದ್ದಾಗಿನ ಅದರ ಬದುಕು ನೋಡಿ. 1941ರ ಜೂನ್‌ನಲ್ಲಿ ಆರ್ಕ್ಟಿಕ್ ಕಡೆ ಲಾವೆನ್‌ಬರ್ಗ್ ಎಂಬ ಜರ್ಮನ್ ಹವಾಮಾನ ಹಡಗನ್ನು ಹಿಡಿದ ತಂಡದಲ್ಲಿ ಇದೂ ಇತ್ತು. ಅದರೊಳಗೆ ಸಿಕ್ಕ ಎನಿಗ್ಮಾ ಎಂಬ ಸಂಕೇತ ಯಂತ್ರದ ಕಾಗದಪತ್ರಗಳಿಂದ ಜರ್ಮನ್ ಸಂಕೇತ ಬಿಡಿಸುವವರಿಗೆ ದೊಡ್ಡ ಸಹಾಯ ಆಯಿತು. ಅದೇ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಉತ್ತರಕ್ಕೆ ಬ್ರೆಮ್ಸೆ ಎಂಬ ಜರ್ಮನ್ ಹಡಗನ್ನು ಮುಳುಗಿಸಿತು. ಆ ಕಾಳಗದಲ್ಲಿ ಇದರ ಮೂತಿಯೇ ಜಜ್ಜಿಹೋಯಿತು.

1942ರ ಆಗಸ್ಟ್ 12ರದು ಇನ್ನೂ ದೊಡ್ಡ ಕಥೆ. ಮಾಲ್ಟಾ ದ್ವೀಪಕ್ಕೆ ಎಣ್ಣೆ, ಆಹಾರ ಸಾಗಿಸುವ ಪೆಡೆಸ್ಟಲ್ ಕಾರ್ಯಾಚರಣೆ. ಅಕ್ಸುಮ್ ಎಂಬ ಇಟಲಿಯ ಸಬ್‌ಮರೀನ್ ಒಂದೇ ಸಲಕ್ಕೆ ಬಿಟ್ಟ ಟಾರ್ಪಿಡೊಗಳು ಮೂರು ಹಡಗಿಗೆ ಬಡಿದವು: ನೈಜೀರಿಯಾ, ಕೈರೋ, ಮತ್ತು ಓಹಾಯೊ ಎಂಬ ಎಣ್ಣೆ ಟ್ಯಾಂಕರ್. ಕೈರೋ ಹೋಯಿತು. ನೈಜೀರಿಯಾದಲ್ಲಿ 52 ಜನ ಸತ್ತರು. ಅಡ್ಮಿರಲ್ ಬೇರೆ ಹಡಗು ಹತ್ತಿ ಮುಂದೆ ಹೋದರು. ಇದು ವಾಲಿಕೊಂಡೇ ಜಿಬ್ರಾಲ್ಟರ್‌ಗೆ ವಾಪಸ್ ಬಂತು. ಅಂಥ ಪೆಟ್ಟು ತಿಂದು ರಿಪೇರಿಯಾಗಿ ಮತ್ತೆ ಯುದ್ಧಕ್ಕೆ ಹೋದ ಹಡಗು ನಮಗೆ ಬಂದದ್ದು. ಗುಜರಿ ಅನ್ನಬೇಡಿ ದಯವಿಟ್ಟು.

ಮಂಡ್ಯ_ಮಾತು

ಶಿರಸಿ ಸರ್, ಪೆಡೆಸ್ಟಲ್ ಬಗ್ಗೆ ಕೇಳಿದ್ದೆ, ಆದರೆ ಆ ಹಡಗೇ ಆಮೇಲೆ ನಮ್ಮ ಮೈಸೂರು ಆಯಿತು ಅಂತ ಗೊತ್ತಿರಲಿಲ್ಲ. ಮೈ ಜುಂ ಅಂತು.

ಲೋಹದ_ಹಕ್ಕಿ

ಅದು ಬ್ರಿಟಿಷರ ಕೈಯಲ್ಲಿದ್ದಾಗಿನ ಸಾಹಸ. ನಮ್ಮ ಕೈಗೆ ಬಂದ ಮೇಲೆ ಅದರ ತೋಪು ಯಾರ ಮೇಲಾದರೂ ಸಿಡಿಯಿತಾ? ಪ್ರಶ್ನೆ ಅದು.

ಕಾಳಿ_ತೀರ

ಸಿಡಿಯಿತು. ಅದೂ ನಮ್ಮ ಕಾರವಾರದ ಎದುರಿಗೇ.

ಅಂಜದೀವ್ ದ್ವೀಪ ಗೊತ್ತಲ್ಲ? ನಮ್ಮ ಬಿಣಗಾ ಕಡೆಯಿಂದ ಕಾಣುತ್ತದೆ. ಆಗ ಅದು ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರನೂ ಅವರ ಗುಂಡಿಗೆ ಸತ್ತ. ಇಲ್ಲಿ ಕಡಲಿಗಿಳಿಯುವವರಿಗೆಲ್ಲ ಸಿಟ್ಟು, ಹೆದರಿಕೆ ಎರಡೂ.

ಡಿಸೆಂಬರ್ 18ರಂದು ಗೋವಾ ಕಾರ್ಯಾಚರಣೆ ಶುರುವಾದಾಗ ಅಂಜದೀವ್ ಹಿಡಿಯುವ ಕೆಲಸ ಬಿದ್ದದ್ದು ಮೈಸೂರು ಮತ್ತು ತ್ರಿಶೂಲ್ ಹಡಗುಗಳಿಗೆ. ದೋಣಿಗಳಲ್ಲಿ ನಾವಿಕರನ್ನು ಇಳಿಸಿದರು. ಬಿಳಿ ಬಾವುಟ ಕಂಡಿತ್ತು. ಆದರೂ ಇಳಿಯುತ್ತಿದ್ದವರ ಮೇಲೆ ಮೆಷಿನ್ ಗನ್ ಹಾರಿತು. ಏಳು ಜನ ನಾವಿಕರು ಸತ್ತರು. ಆಮೇಲೆ ಹಡಗುಗಳು ತೋಪು ಹಾರಿಸಿದವು. ದ್ವೀಪ ಕೈಗೆ ಬಂತು. ಆ ಏಳು ಜನರ ಸ್ಮಾರಕ ದ್ವೀಪದಲ್ಲಿದೆ.

ಈಗ ಅಂಜದೀವ್ ನಮ್ಮ ನೌಕಾನೆಲೆಯ ಭಾಗ. ಅಲೆತಡೆ ಗೋಡೆ ಕಟ್ಟಿ ದಡಕ್ಕೆ ಸೇರಿಸಿದ್ದಾರೆ. ಮೈಸೂರು ಹೆಸರಿನ ಹಡಗು ಕರ್ನಾಟಕದ ಕಡಲಲ್ಲೇ ಇಂಥ ಕೆಲಸ ಮಾಡಿದೆ. ಶಾಲೆ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಬರಬೇಕು.

ಪಡುವಣ_ಗಾಳಿ

ಕಾಳಿ ತೀರ ಹೇಳಿದ್ದು ಸರಿ. ಆದರೆ ಅಂಜದೀವ್‌ಗೆ ಕ್ರೂಸರ್ ಬೇಕೇ ಬೇಕಿತ್ತು ಅಂತೇನಿಲ್ಲ. ತ್ರಿಶೂಲ್ ಫ್ರಿಗೇಟ್‌ನ 4.5 ಇಂಚಿನ ತೋಪೂ ಸಾಕಾಗುತ್ತಿತ್ತು. ಅದೇ ದಿನ ಮಾರ್ಮುಗೋವಾ ಬಂದರಿನಲ್ಲಿ ಬೆಟ್ವಾ ಮತ್ತು ಬಿಯಾಸ್ ಫ್ರಿಗೇಟ್‌ಗಳು ಅಫೊನ್ಸೊ ದ ಅಲ್ಬುಕರ್ಕ್ ಎಂಬ ಪೋರ್ಚುಗೀಸ್ ಹಡಗನ್ನು ಹೊಡೆದು ದಡ ಹತ್ತಿಸಿದವಲ್ಲ, ಅವೂ ಅದೇ ಅಳತೆಯ ತೋಪು.

ಸ್ಟೋಕರ್_ಮಗಳು

ನಮ್ಮ ಅಪ್ಪ 60ರ ದಶಕದಲ್ಲಿ ಇದೇ ಮೈಸೂರಿನ ಬಾಯ್ಲರ್ ರೂಮಿನಲ್ಲಿದ್ದರು. ಹಾಗಾಗಿ "ದಂಡ" ಅನ್ನೋ ಮಾತು ಕೇಳಿ ಸುಮ್ಮನಿರೋಕೆ ಆಗಲಿಲ್ಲ.

ಅಪ್ಪ ಹೇಳುತ್ತಿದ್ದದ್ದು: ಬಾಯ್ಲರ್ ರೂಮಿಗೆ ನೇರ ಹೋಗೋ ಹಾಗಿಲ್ಲ. ಎರಡು ಬಾಗಿಲು. ಮೊದಲನೇದು ದಾಟಿ, ಮುಚ್ಚಿ, ಆಮೇಲೆ ಎರಡನೇದು ತೆಗೆಯಬೇಕು. ಒಳಗೆ ಫ್ಯಾನ್ ಹಾಕಿ ಗಾಳಿಯ ಒತ್ತಡ ಏರಿಸಿರುತ್ತಾರೆ, ಬೆಂಕಿ ಚೆನ್ನಾಗಿ ಉರಿಯಲಿ ಅಂತ. ಎರಡೂ ಬಾಗಿಲು ಒಟ್ಟಿಗೆ ತೆರೆದರೆ ಒತ್ತಡ ಕುಸಿದು ಬೆಂಕಿ ಬಾಯ್ಲರ್‌ನಿಂದ ಹೊರಗೆ ನುಗ್ಗುತ್ತದೆ. ಹೊಸ ಹುಡುಗರಿಗೆ ಮೊದಲ ದಿನ ಕಲಿಸುವ ಪಾಠ ಇದೇ. ಒಳಗೆ ಹೋದ ಕೂಡಲೇ ಕಿವಿ ಗುಂಯ್ ಅನ್ನುತ್ತಿತ್ತಂತೆ. ಬೆವರು ಶೂ ಒಳಗೆ ಇಳಿದು ಪಚ ಪಚ ಅನ್ನುತ್ತಿತ್ತಂತೆ. ಮೇಲೆ ತೋಪು ಹಾರಿಸುವ ಅಭ್ಯಾಸ ಇದ್ದರೆ ಕೆಳಗಿನವರಿಗೆ ಸದ್ದಿಗಿಂತ ಮೊದಲು ಕಾಲಡಿಯ ಕಬ್ಬಿಣದ ಜಾಲರಿ ನಡುಗುವುದು ಗೊತ್ತಾಗುತ್ತಿತ್ತು. ಪೈಪಿನ ಮೇಲಿನ ಧೂಳೆಲ್ಲ ತಲೆ ಮೇಲೆ.

ಹಡಗಿನ ಲಾಂಛನ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ "ನ ಬಿಭೇತಿ ಕದಾಚನ", ಯಾವತ್ತೂ ಹೆದರೋದಿಲ್ಲ ಅಂತ. ಈಗಿನ ಮೈಸೂರಿಗೂ ಅವೇ. ಅಪ್ಪ ಹಾಸನದ ಹಳ್ಳಿಯವರು, ಸಮುದ್ರವನ್ನೇ ನೋಡಿರದವರು. ಆ ಹಡಗು ಅವರಿಗೆ ಸ್ಟೀಮ್ ಕೆಲಸ ಕಲಿಸಿತು. ನೌಕಾಪಡೆ ಬಿಟ್ಟ ಮೇಲೆ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡೇ ನಮ್ಮನ್ನೆಲ್ಲ ಓದಿಸಿದರು.

ದಾವಣಗೆರೆ_ಬೆಣ್ಣೆ

ಅಕ್ಕಾ, ಇಂಥದ್ದು ಬರೀರಿ ಇನ್ನೂ. ಓದಿ ಖುಷಿ ಆಯ್ತು.

ಗುಂಡು_ಸೂಜಿ

1971ಕ್ಕೆ ಬರೋಣ. ಮೂಲ ಪ್ರಶ್ನೆ ಅಲ್ಲೇ ಇರೋದು. ನಾನು ಕಾರವಾರದಲ್ಲಿ ಐಎನ್‌ಎಸ್ ಚಾಪಲ್ ನೋಡಿದ್ದೇನೆ, ಟಾಗೋರ್ ಬೀಚಿನ ಮ್ಯೂಸಿಯಂ. ಇಡೀ ದೋಣಿ 40 ಮೀಟರೂ ಇಲ್ಲ. ಮೈಸೂರು ಅದರ ನಾಲ್ಕು ಪಟ್ಟಿಗಿಂತ ಉದ್ದ. ಆದರೂ ಕರಾಚಿ ಉಡಾಯಿಸಿದ್ದು ಈ ಚಾಪಲ್ ದೋಣಿಯೇ. ಕ್ರೂಸರ್ ದುಡ್ಡಿಗೆ ಇಂಥವು ಎಷ್ಟು ಬರುತ್ತಿದ್ದವು ಯೋಚಿಸಿ.

ಓದುಗ_ಶಿರಸಿ

ಚಾಪಲ್ 1971ರಲ್ಲಿ ಇರಲೇ ಇಲ್ಲ. ಅದು ಸೇವೆಗೆ ಸೇರಿದ್ದು 1976ರಲ್ಲಿ, ನಿವೃತ್ತಿ 2005. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ದೋಣಿಗಳು ನಿಪಟ್, ನಿರ್ಘಾತ್, ವೀರ್. ನಾಲ್ಕು ದಿನದ ನಂತರ ಹೋದದ್ದು ವಿನಾಶ್. ಗುರುತು ಹಿಡಿಯೋದು ಸುಲಭ. 1971ರ ದೋಣಿಗಳ ಮಿಸೈಲ್ ಗೂಡು ಚೌಕ ಪೆಟ್ಟಿಗೆಯ ಆಕಾರ. ಚಾಪಲ್‌ನದು ದುಂಡನೆಯ ಕೊಳವೆ. ಅದು ಆಮೇಲಿನ ಮಾದರಿ. ಮುಂದಿನ ಸಲ ಹೋದಾಗ ಡೆಕ್ ಮೇಲೆ ನೋಡಿ.

ಇನ್ನು ದುಡ್ಡಿನ ವಿಷಯ. 1957ರಲ್ಲಿ ಅಂಥ ದೋಣಿ ಎಲ್ಲಿತ್ತು ಕೊಳ್ಳೋಕೆ? ಮಿಸೈಲ್ ದೋಣಿ ಏನು ಮಾಡಬಲ್ಲದು ಅಂತ ಜಗತ್ತಿಗೆ ಗೊತ್ತಾಗಿದ್ದೇ 1967ರ ಅಕ್ಟೋಬರ್ 21ರಂದು. ಪೋರ್ಟ್ ಸೈದ್ ಹತ್ತಿರ ಈಜಿಪ್ಟಿನ ಪುಟ್ಟ ದೋಣಿಗಳು ಇಸ್ರೇಲಿನ ಐಲಾತ್ ಡಿಸ್ಟ್ರಾಯರನ್ನು ಸ್ಟಿಕ್ಸ್ ಮಿಸೈಲ್‌ನಿಂದ ಮುಳುಗಿಸಿದವು. 47 ಜನ ಸತ್ತರು. ಅದಾದ ಮೇಲೆ ಎಲ್ಲ ನೌಕಾಪಡೆಗಳೂ ಎದ್ದು ಕೂತವು. ಹತ್ತು ವರ್ಷ ಮುಂಚೆ ಇದನ್ನು ಊಹಿಸಿ ಖರೀದಿ ಮಾಡಬೇಕಿತ್ತು ಅನ್ನೋದು ನ್ಯಾಯವಲ್ಲ.

ಲೋಹದ_ಹಕ್ಕಿ

ಒಪ್ಪಿದೆ, ದೋಣಿ ಇರಲಿಲ್ಲ. ಆದರೆ ಸಬ್‌ಮರೀನ್ ಇತ್ತಲ್ಲ? 1957ರಲ್ಲಿ ನಮ್ಮ ಹತ್ತಿರ ಒಂದೂ ಇರಲಿಲ್ಲ. ಮೊದಲನೆಯದು, ಕಲ್ವರಿ, ಬಂದದ್ದು 1967ಕ್ಕೆ. ಪಾಕಿಸ್ತಾನಕ್ಕೆ ಅದಕ್ಕೂ ಮೊದಲೇ ಘಾಜಿ ಸಿಕ್ಕಿತ್ತು. 1971ರ ಡಿಸೆಂಬರ್ 9ರಂದು ದಿಯು ಹತ್ತಿರ ಹಂಗೋರ್ ಸಬ್‌ಮರೀನ್ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡಲಿಲ್ಲ. ಅಷ್ಟು ಜನರನ್ನು ಕಳೆದುಕೊಂಡದ್ದು ಸಬ್‌ಮರೀನಿಗೆ. ದೊಡ್ಡ ತೋಪು ಅದರ ಮುಂದೆ ಏನು ಮಾಡೀತು? ನಾನು ಹೇಳೋದು ದುಡ್ಡು ಎಲ್ಲಿಗೆ ಹೋಗಬೇಕಿತ್ತು ಅನ್ನೋದರ ಬಗ್ಗೆ. ಆ ಹಡಗಿನಲ್ಲಿ ದುಡಿದವರ ಬಗ್ಗೆ ನನಗೆ ಪೂರ್ತಿ ಗೌರವ ಇದೆ.

ಪಡುವಣ_ಗಾಳಿ

ಇದು ಗಟ್ಟಿ ಮಾತು. 1982ರಲ್ಲೂ ಅದೇ ಆಯಿತು. ಅರ್ಜೆಂಟೀನಾದ ಜನರಲ್ ಬೆಲ್ಗ್ರಾನೊ ಕ್ರೂಸರ್, ಹಿಂದೆ ಅಮೆರಿಕದ ಫೀನಿಕ್ಸ್, ಪರ್ಲ್ ಹಾರ್ಬರ್ ದಾಳಿಯಲ್ಲಿ ಉಳಿದುಬಂದ ಹಡಗು. ಮೈಸೂರಿನ ಹಾಗೇ ಆರು ಇಂಚಿನ ತೋಪು, ಸೆಕೆಂಡ್ ಹ್ಯಾಂಡ್. ಮೇ 2ರಂದು ಬ್ರಿಟಿಷರ ಕಾಂಕರರ್ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. 323 ಜನ ಸತ್ತರು. ಆಗಲೂ ನಮ್ಮ ಮೈಸೂರು ಸೇವೆಯಲ್ಲಿತ್ತು ಅಂತ ನೆನೆದರೆ ಎದೆ ಧಸಕ್ ಅನ್ನುತ್ತದೆ.

ಸ್ಟೋಕರ್_ಮಗಳು

ಬೆಲ್ಗ್ರಾನೊ ಸುದ್ದಿ ರೇಡಿಯೊದಲ್ಲಿ ಬಂದ ದಿನ ಅಪ್ಪ ಊಟ ಮಾಡಲಿಲ್ಲ ಅಂತ ಅಮ್ಮ ಹೇಳುತ್ತಾರೆ. ಟಾರ್ಪಿಡೊ ಬಡಿದರೆ ಮೊದಲು ಹೋಗೋರು ಕೆಳಗಿನ ಮೆಷಿನರಿ ಜನ. ಅವರಿಗೆ ಅದು ಗೊತ್ತಿತ್ತು.

ಗುಂಡು_ಸೂಜಿ

ಸರಿ, ಚಾಪಲ್ ಬಿಡಿ. ನಿಪಟ್, ನಿರ್ಘಾತ್, ವೀರ್ ಕೂಡ ಅಷ್ಟೇ ಚಿಕ್ಕವು. ನನ್ನ ವಾದ ಹಾಗೇ ನಿಲ್ಲುತ್ತದೆ. ನಿರ್ಘಾತ್ ಹೊಡೆದ ಖೈಬರ್ ಡಿಸ್ಟ್ರಾಯರ್‌ನವರಿಗೆ ಏನು ಬಡಿಯಿತು ಅಂತಲೇ ತಿಳಿಯಲಿಲ್ಲ. ವಿಮಾನ ದಾಳಿ ಅಂತ ರೇಡಿಯೊ ಸಂದೇಶ ಕಳಿಸಿದರು. ದೊಡ್ಡ ಹಡಗುಗಳ ಕಾಲ ಮುಗಿಯಿತು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಓದುಗ_ಶಿರಸಿ

ಆ ದೋಣಿಗಳು ಕರಾವಳಿ ಕಾಯೋಕೆ ಮಾಡಿದ್ದವು, ದೂರ ಹೋಗೋಕಲ್ಲ. ರಷ್ಯಾದಿಂದ ಬಂದಾಗ ಅವನ್ನು ಎತ್ತಿ ಇಳಿಸುವ ಕ್ರೇನ್ ಮುಂಬೈಯಲ್ಲಿ ಇರಲಿಲ್ಲ. ಕಲ್ಕತ್ತಾದಲ್ಲಿ ಇಳಿಸಿ, ಇಡೀ ಕರಾವಳಿ ಸುತ್ತಿಸಿ ಮುಂಬೈಗೆ ಎಳೆದು ತಂದರು. ಕರಾಚಿಗೆ ಹೋದಾಗಲೂ ಜೊತೆಗೆ ಕಿಲ್ತಾನ್, ಕಚ್ಚಲ್ ಎಂಬ ದೊಡ್ಡ ಹಡಗುಗಳಿದ್ದವು. ಎರಡನೇ ಸಲ ತಲ್ವಾರ್, ತ್ರಿಶೂಲ್. ಪಶ್ಚಿಮ ನೌಕಾತಂಡದ ಫ್ಲ್ಯಾಗ್‌ಶಿಪ್ ಯಾವುದು ಗೊತ್ತಾ? ಮೈಸೂರು. ಅಡ್ಮಿರಲ್ ಕುರುವಿಲಾ ಇದ್ದದ್ದು ಅದರಲ್ಲೇ. ಚಿಕ್ಕದು ಹೊಡೆಯುತ್ತದೆ ನಿಜ. ಆದರೆ ದಿನಗಟ್ಟಲೆ ಕಡಲಲ್ಲಿ ನಿಂತು ಇಡೀ ತಂಡ ನಡೆಸೋಕೆ ಜಾಗ, ರೇಡಿಯೊ, ಎಣ್ಣೆ, ಜನ ಬೇಕು. ಅದು 200 ಟನ್ ದೋಣಿಯಲ್ಲಿ ಆಗೋದಿಲ್ಲ.

ಆಕ್ಲೆಂಡ್_ಕನ್ನಡತಿ

ಶಿರಸಿಯವರು ಡೆಲ್ಲಿ ಹೆಸರು ಹೇಳಿದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಐಎನ್‌ಎಸ್ ಡೆಲ್ಲಿ ಅಂದರೆ ಹಿಂದಿನ ಎಚ್‌ಎಂಎಸ್ ಅಕಿಲಿಸ್. ಇಲ್ಲಿ ನ್ಯೂಜಿಲೆಂಡ್‌ನವರಿಗೆ ಅದು ಮನೆ ಮಗಳಿದ್ದ ಹಾಗೆ, ಯಾಕೆಂದರೆ ಇಲ್ಲಿನ ಹುಡುಗರೇ ಅದರಲ್ಲಿದ್ದರು. 1939ರ ಡಿಸೆಂಬರ್ 13ರಂದು ರಿವರ್ ಪ್ಲೇಟ್ ಕಾಳಗದಲ್ಲಿ ಜರ್ಮನಿಯ ಗ್ರಾಫ್ ಶ್ಪೇ ಜೊತೆ ಕಾದಾಡಿತು. ಗ್ರಾಫ್ ಶ್ಪೇಯದು 11 ಇಂಚಿನ ತೋಪು, ಇದರದು ಆರು ಇಂಚು. ಆದರೂ ಮೂರು ಕ್ರೂಸರ್ ಸೇರಿ ಅದನ್ನು ಮಾಂಟೆವಿಡಿಯೊ ಬಂದರಿಗೆ ಓಡಿಸಿದವು. ನಾಲ್ಕು ದಿನಕ್ಕೆ ಜರ್ಮನರೇ ಅದನ್ನು ಸ್ಫೋಟಿಸಿ ಮುಳುಗಿಸಿದರು.

1978ರಲ್ಲಿ ಡೆಲ್ಲಿ ನಿವೃತ್ತಿಯಾದಾಗ ಭಾರತ ಅದರ ಒಂದು ಟರೆಟ್, ಅಂದರೆ ತೋಪು ಕೂರಿಸಿದ ತಿರುಗುವ ಗೋಪುರ, ಬಿಚ್ಚಿ ನ್ಯೂಜಿಲೆಂಡಿಗೆ ಕೊಟ್ಟಿತು. ಇಲ್ಲಿ ಡೆವನ್‌ಪೋರ್ಟ್ ನೌಕಾನೆಲೆಯಲ್ಲಿ ಇಟ್ಟಿದ್ದಾರೆ. ನಾನು ಮಕ್ಕಳಿಗೆ ತೋರಿಸಿದ್ದೇನೆ, ಇದು ನಮ್ಮ ಹಡಗಿನದೂ ಹೌದು ಅಂತ. ಮೈಸೂರಿನ ಒಂದು ಟರೆಟ್ ಆದರೂ ಉಳಿಸಿ ಮೈಸೂರಲ್ಲೋ ಕಾರವಾರದಲ್ಲೋ ಇಡಬೇಕಿತ್ತು ಅಂತ ನನಗೆ ತುಂಬಾ ಅನಿಸುತ್ತದೆ.

ಮಂಡ್ಯ_ಮಾತು

ನಿಜ ಮೇಡಂ. ಲಂಡನ್‌ನಲ್ಲಿ ಬೆಲ್‌ಫಾಸ್ಟ್ ಕ್ರೂಸರ್ 1971ರಿಂದ ಮ್ಯೂಸಿಯಂ ಆಗಿ ನಿಂತಿದೆ. ನೈಜೀರಿಯಾದ ಹತ್ತಿರದ ಸಂಬಂಧಿ ಅದು, ಅದೇ ಆರು ಇಂಚಿನ ಮೂರು ಮೂರು ತೋಪಿನ ಟರೆಟ್. ನಮ್ಮದು ಗುಜರಿಗೆ ಹೋಯಿತು.

ಕಾಳಿ_ತೀರ

ವಿಕ್ರಾಂತ್‌ಗೆ ಏನಾಯಿತು ನೋಡಿಲ್ವಾ ಮಾರಾಯ್ರೆ? 1997ರಲ್ಲಿ ನಿವೃತ್ತಿ. ಮುಂಬೈಯಲ್ಲಿ ಮ್ಯೂಸಿಯಂ ಮಾಡಿದರು. 2012ಕ್ಕೆ ಅದೂ ಬಂದ್. 2014ರಲ್ಲಿ ಒಡೆಯೋಕೆ ಶುರು. ವಿರಾಟ್ ವಿಮಾನವಾಹಕ ಕೂಡ 2020ರಲ್ಲಿ ಅಲಂಗ್‌ನ ಹಡಗು ಒಡೆಯುವ ಜಾಗಕ್ಕೆ ಹೋಯಿತು. ಕಬ್ಬಿಣದ ಹೊಟ್ಟೆ ಉಪ್ಪುನೀರಲ್ಲಿ ಕೂತರೆ ತುಕ್ಕು ತಿನ್ನುತ್ತಲೇ ಇರುತ್ತದೆ. ವರ್ಷ ವರ್ಷ ದುಡ್ಡು ಸುರಿಯಬೇಕು. ಚಾಪಲ್ ಉಳಿದಿರೋದು ಅದನ್ನು ದಡಕ್ಕೆ ಎತ್ತಿ ಇಟ್ಟಿದ್ದಕ್ಕೆ. ವಿಶಾಖಪಟ್ಟಣದಲ್ಲಿ ಕುರ್ಸುರಾ ಸಬ್‌ಮರೀನ್ ಉಳಿದಿದ್ದೂ ಹಾಗೇ. ಜಪಾನಿನವರು 1905ರ ತ್ಸುಶಿಮಾ ಕಾಳಗದ ಮಿಕಾಸಾ ಹಡಗನ್ನು ಯೊಕೊಸುಕಾದಲ್ಲಿ ಕಾಂಕ್ರೀಟಿನಲ್ಲೇ ಕೂರಿಸಿಬಿಟ್ಟಿದ್ದಾರೆ. 170 ಮೀಟರ್ ಕ್ರೂಸರ್ ಹಾಗೆ ಎತ್ತಿ ಇಡೋದು ಕಷ್ಟ. ಆದರೆ ಟರೆಟ್ ಇಡಬಹುದಿತ್ತು, ಅದು ಪೂರ್ತಿ ಒಪ್ಪುತ್ತೇನೆ.

ಒಂದು ಮಾತು ಸೇರಿಸುತ್ತೇನೆ, ವಿಷಯಾಂತರ ಆದರೂ ಪರವಾಗಿಲ್ಲ. ಇಲ್ಲಿ ನೌಕಾನೆಲೆ ಬರೋಕೆ ಕಾರವಾರ, ಅಂಕೋಲಾ ಕಡೆಯ ಎಷ್ಟೋ ಮೀನುಗಾರರು, ರೈತರು ಊರನ್ನೇ ಬಿಟ್ಟರು. ಪರಿಹಾರದ ಕೇಸು ವರ್ಷಗಟ್ಟಲೆ ನಡೆಯಿತು. ಹಡಗಿನ ಮ್ಯೂಸಿಯಂ ನೋಡಲು ಬರುವವರು ಅವರನ್ನೂ ನೆನೆಯಲಿ.

ಹಿನ್ನೀರು

ಚಿಕ್ಕದು ದೊಡ್ಡದು ಅಂತ ಬಂತಲ್ಲ, ಐಎನ್‌ಎಸ್ ಹುಟ್ಟುವ ಮುಂಚಿನ ಕಥೆ ಒಂದು. 1942ರ ನವೆಂಬರ್ 11. ರಾಯಲ್ ಇಂಡಿಯನ್ ನೇವಿಯ ಬೆಂಗಾಲ್ ಎಂಬ ಪುಟ್ಟ ಹಡಗು, ಜೊತೆಗೆ ಓಂಡಿನಾ ಎಂಬ ಡಚ್ ಟ್ಯಾಂಕರ್. ಹಿಂದೂ ಮಹಾಸಾಗರದಲ್ಲಿ ಎರಡು ಜಪಾನಿ ಹಡಗುಗಳು ಎದುರಾದವು. ಸರಕು ಹಡಗಿಗೆ ತೋಪು ಹಾಕಿ ದಾಳಿಗೆ ಬಿಟ್ಟಂಥವು, ಇವಕ್ಕಿಂತ ಎಷ್ಟೋ ದೊಡ್ಡವು. ಬೆಂಗಾಲ್‌ಗೆ ಇದ್ದದ್ದು ಒಂದೇ ದೊಡ್ಡ ತೋಪು. ಓಡಲಿಲ್ಲ. ನೇರ ಎದುರಿಗೇ ನುಗ್ಗಿತು. ಹೊಕೊಕು ಮಾರು ಎಂಬ ಜಪಾನಿ ಹಡಗು ಸ್ಫೋಟಿಸಿ ಮುಳುಗಿತು. ಬೆಂಗಾಲ್, ಓಂಡಿನಾ ಎರಡೂ ಉಳಿದವು.

ಗುಂಡು_ಸೂಜಿ

ಸೂಪರ್ ಗುರು. ಇದು ನನ್ನ ಕಡೆಗೇ ಸಾಕ್ಷಿ. ಚಿಕ್ಕ ಹಡಗು ಗೆದ್ದಿತು ಅಲ್ವಾ?

ಹಿನ್ನೀರು

ಇಲ್ಲ ಗುರು. ಅಲ್ಲಿ ಗೆದ್ದದ್ದು ತೋಪು.

ಲೋಹದ_ಹಕ್ಕಿ

2022ರ ಏಪ್ರಿಲ್ 14ರಂದು ಮುಳುಗಿದ ಮಾಸ್ಕ್ವಾ ನೆನಪಿಸಿಕೊಳ್ಳಿ. ರಷ್ಯಾದ ಕಪ್ಪು ಸಮುದ್ರ ನೌಕಾತಂಡದ ಫ್ಲ್ಯಾಗ್‌ಶಿಪ್, ಅದೂ ಕ್ರೂಸರ್. ಉಕ್ರೇನ್ ದಡದಿಂದ ಹಾರಿಸಿದ ನೆಪ್ಚೂನ್ ಮಿಸೈಲ್ ಸಾಕಾಯಿತು. ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ದೇಶ ಕ್ರೂಸರ್ ಮುಳುಗಿಸಿತು. ಶಿರಸಿಯವರು ಏನಂತಾರೆ?

ಓದುಗ_ಶಿರಸಿ

ಮಾಸ್ಕ್ವಾ ಮುಳುಗಿದ್ದು ದಡದ ಹತ್ತಿರ ಸುತ್ತಾಡಿದ್ದಕ್ಕೆ. ಹಡಗಿನ ಅಳತೆಗಿಂತ ಅದನ್ನು ಎಲ್ಲಿ, ಹೇಗೆ ಬಳಸಿದರು ಅನ್ನೋದೇ ಅಲ್ಲಿನ ತೊಂದರೆ. ಈಗಿನ ಮೈಸೂರನ್ನೇ ನೋಡಿ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಗಿಬೆ ಎಂಬ ಸರಕು ಹಡಗಿನ ಮೇಲೆ ಕಡಲ್ಗಳ್ಳರು ಬಿದ್ದಾಗ ಓಡಿ ಹೋಗಿ 23 ಜನರನ್ನು ಹಿಡಿಯಿತು. ಮುಂಬೈಯಿಂದ ಅಷ್ಟು ದೂರ ಹೋಗಿ, ವಾರಗಟ್ಟಲೆ ನಿಂತು, ಹೆಲಿಕಾಪ್ಟರ್ ಹಾರಿಸಿ ಕಾವಲು ಕಾಯುವುದು ಮಿಸೈಲ್ ದೋಣಿಯಿಂದ ಆಗುತ್ತಿತ್ತಾ? ಹಳೇ ಮೈಸೂರು ಮಾಡಿದ್ದೂ ಇದೇ ಜಾತಿಯ ಕೆಲಸ.

ಲೋಹದ_ಹಕ್ಕಿ

ಕಾವಲಿಗೆ ದೊಡ್ಡ ಹಡಗು ಬೇಕು, ಸರಿ. ಸಬ್‌ಮರೀನ್ ಮೊದಲು ತರಬೇಕಿತ್ತು ಅನ್ನೋ ಮಾತನ್ನು ಮಾತ್ರ ನಾನು ಬಿಡೋದಿಲ್ಲ.

ಮಂಡ್ಯ_ಮಾತು

ಸ್ಟೋಕರ್ ಮಗಳು ಅಕ್ಕಾ, ಅಪ್ಪನವರ ಹತ್ತಿರ ಆಗಿನ ಫೋಟೊ, ಡೈರಿ ಏನಾದರೂ ಇದ್ದರೆ ಸ್ಕ್ಯಾನ್ ಮಾಡಿ ಇಡಿ ದಯವಿಟ್ಟು.

ಸ್ಟೋಕರ್_ಮಗಳು

ಫೋಟೊ ಎರಡು ಮೂರು ಇವೆ ತಮ್ಮಾ, ಒಂದರಲ್ಲಿ ಹಿಂದಿನ ಟರೆಟ್ ಕಾಣುತ್ತದೆ. ಭಾನುವಾರ ತಂಗಿ ಮನೆಗೆ ಹೋಗುತ್ತೇನೆ, ಅಲ್ಲಿ ಸ್ಕ್ಯಾನರ್ ಇದೆ. ಹಾಕುತ್ತೇನೆ.

ದಾವಣಗೆರೆ_ಬೆಣ್ಣೆ

ಕರ್ನಾಟಕದ ಹೆಸರಿನ ಹಡಗು ಅಂದರೆ ಮೈಸೂರು ಒಂದೇನಾ?

ಕಾಳಿ_ತೀರ

ಅಲ್ಲ. ಗೋವಾ ಕಾರ್ಯಾಚರಣೆಯಲ್ಲಿ ಕಾವೇರಿ ಅಂತ ಒಂದಿತ್ತು. ಮಲ್ಪೆ, ಮೂಲ್ಕಿ ಹೆಸರಿನ ಮೈನ್ ತೆಗೆಯುವ ಹಡಗುಗಳು ಇದ್ದವು. ಅದೇ ಹೆಸರಿನ ಹೊಸ ಎರಡು ಹಡಗು 2024ರ ಸೆಪ್ಟೆಂಬರ್ 9ರಂದು ಕೊಚ್ಚಿಯಲ್ಲಿ ಒಟ್ಟಿಗೆ ನೀರಿಗಿಳಿದವು. ದಡದ ಹತ್ತಿರ ಸಬ್‌ಮರೀನ್ ಹುಡುಕಿ ಹೊಡೆಯುವ ಹಡಗುಗಳು. ಲೋಹದ ಹಕ್ಕಿಯವರಿಗೆ ಇಷ್ಟ ಆಗಬೇಕು.